ಬಜೆಟ್ ದಿನ, ತಾರಸಿಯಿಲ್ಲದ ಮನೆಗೆ

ಜೀವನ್ ಬಿಮಾ ನಗರದ ನಮ್ಮ ರಸ್ತೆಯಿಂದ ನಾನೂ ರತ್ನಮ್ಮನೂ ಹೊರಟಾಗ ಬೆಳಿಗ್ಗೆ ಹತ್ತೂಮುಕ್ಕಾಲು. ಬಜೆಟ್ ದಿನ ನಾನು ಮನೆ ಬಿಟ್ಟು ಕದಲಿದ್ದು ಅದೇ ಮೊದಲು. ನಿವೃತ್ತನಾದ ಮೇಲೂ ಆ ದಿನ ಪೆನ್ನು ಕಾಗದ ಹಿಡಿದು ಟಿ.ವಿ. ಮುಂದೆ ಕೂರುವ ಚಟ ನನ್ನದು. ಹಳ್ಳಿ, ವಸತಿ, ನೀರಾವರಿ ಎಂದು ಓದುವಷ್ಟು ಹೊತ್ತು ಕಾಫಿಗೆಂದು ಎದ್ದುಹೋಗಿ, ಆದಾಯ ತೆರಿಗೆ ಎಂದ ಕೂಡಲೇ ಓಡಿಬರುತ್ತಿದ್ದೆ.

ರತ್ನಮ್ಮ ಹನ್ನೆರಡು ವರ್ಷದಿಂದ ನಮ್ಮ ಮನೆಯಲ್ಲಿ ಅಡಿಗೆ ಮಾಡುವವಳು. ಹೊಸಕೋಟೆಯಾಚೆಯ ಅವಳ ಊರಲ್ಲಿ, ಅಪ್ಪ ಕೊಟ್ಟ ಜಾಗದಲ್ಲಿ, ವಸತಿ ಯೋಜನೆಯ ಮನೆಯೊಂದು ಮಂಜೂರಾಗಿ ಗೋಡೆ ಎದ್ದಿತ್ತು. ತಾರಸಿಯ ಕಂತು ಬರಬೇಕಾದರೆ ಪಂಚಾಯಿತಿಯ ಇಂಜಿನಿಯರ್ ಬಂದು, ಅವಳನ್ನೇ ಅಲ್ಲಿ ನಿಲ್ಲಿಸಿ, ಜಾಗದ ಗುರುತೂ ದಾಖಲಾಗುವಂತೆ ಫೋನಿನಲ್ಲಿ ಫೋಟೊ ತೆಗೆಯಬೇಕಿತ್ತು.

“ಒಂದು ಗಂಟೆಗೆ ಬತ್ತಾರಂತೆ ಸಾರ್. ಇವತ್ತು ತಪ್ಪುದ್ರೆ ಮುಂದಿನ ಪಟ್ಟಿಗೆ ಹಾಕ್ತಾರಂತೆ. ಅಷ್ಟೊತ್ತಿಗೆ ಮಳೆಗಾಲ ಬಂದ್ಬಿಡ್ತದೆ. ಅರ್ಜಿ ತುಂಬಿದೋರು ನೀವೇ, ಜತೆಗೆ ಬನ್ನಿ,” ಎಂದಿದ್ದಳು. ಇಲ್ಲ ಎನ್ನಲಾಗಲಿಲ್ಲ.

ಇಂದಿರಾನಗರದ ಮೆಟ್ರೊ ನಿಲ್ದಾಣಕ್ಕೆ ಆಟೊದವನು ನೂರು ಕೇಳಿ ಎಂಬತ್ತಕ್ಕೆ ಒಪ್ಪಿದ. ರಸ್ತೆಯುದ್ದಕ್ಕೂ ಮರಗಳು ಎಲೆಯನ್ನೆಲ್ಲ ಉದುರಿಸಿ ಬರೀ ಗುಲಾಬಿ ಹೂವಾಗಿದ್ದವು. ರೈಲಿನಲ್ಲಿ ಪಕ್ಕದ ಇಬ್ಬರು ಹುಡುಗರು ಒಂದೇ ಫೋನಿನಲ್ಲಿ ಬಜೆಟ್ ಭಾಷಣ ನೋಡುತ್ತಿದ್ದರು.

“ಟ್ಯಾಕ್ಸ್ ಏನಾಯ್ತು ಗುರು?”

“ಇನ್ನೂ ಹಳ್ಳಿ ವಿಷ್ಯಾನೇ ಓದ್ತಾವ್ರೆ ಮಗಾ. ಮ್ಯೂಟ್ ಮಾಡು.”

ರತ್ನಮ್ಮ ನನ್ನ ಕಡೆ ಬಾಗಿದಳು. “ನನ್ನ ಮನೆ ವಿಷ್ಯಾನೂ ಹೇಳ್ತಾರಾ ಸಾರ್?”

“ಹೇಳ್ತಾರಮ್ಮ. ಹೆಸರು ಹೇಳಲ್ಲ, ಅಷ್ಟೆ.”

ಅವಳು ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತ ಕೂತಳು. ಬೈಯಪ್ಪನಹಳ್ಳಿ ದಾಟುವಾಗ ನನಗೆ ಜೊಂಪು ಹತ್ತಿತು. ಕಣ್ಣಿಗೆ ಕಾಣುವ ಕಟ್ಟಡಗಳ ತಾರಸಿಗಳೆಲ್ಲ ಮೆಲ್ಲಗೆ ಎದ್ದು, ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕಿನ ಸಮೇತ ಪೂರ್ವಕ್ಕೆ ತೇಲುತ್ತಿದ್ದವು. ಒಂದನ್ನಾದರೂ ಹಿಡಿದು ಇವಳಿಗೆ ಕೊಡೋಣವೆಂದು ಕೈಚಾಚಿದೆ. ಕೆ.ಆರ್. ಪುರ ಬಂತೆಂದು ರತ್ನಮ್ಮ ತಟ್ಟಿ ಎಬ್ಬಿಸಿದಳು.

ಹೊಸಕೋಟೆ ಬಸ್ಸಿನಲ್ಲಿ ಅವಳಿಗೆ ಉಚಿತ ಟಿಕೆಟ್ಟು, ನನಗೆ ಕಾಸಿನದ್ದು. “ಬಸ್ಸು ಬೆಂಗ್ಳೂರು ಸರ್ಕಾರದ್ದು, ಮನೆ ಡೆಲ್ಲೀದು. ನಾನು ಭಾರೀ ಕುಳ ಸಾರ್,” ಎಂದು ನಕ್ಕಳು. ಅಲ್ಲಿಂದ ಶೇರ್ ಆಟೊದಲ್ಲಿ ಕಾಲು ಗಂಟೆ. ಬಿಸಿಲು ಹಿತವಾಗಿತ್ತು.

ಮನೆಗೆ ಬಾಗಿಲು ಇಟ್ಟಿರಲಿಲ್ಲ. ಆದರೂ ರತ್ನಮ್ಮ ಚಪ್ಪಲಿ ಹೊರಗೆ ಬಿಟ್ಟಳು, ನಾನೂ ಬಿಟ್ಟೆ. ನಾಲ್ಕು ಗೋಡೆಯ ನಡುವೆ ತುಂಬ ಆಕಾಶ. ಒಂದು ಮೋಡ ಅಡ್ಡಗೋಡೆ ದಾಟಿ ಇನ್ನೊಂದು ಕೋಣೆಗೆ ಹೋಯಿತು. ಇಲ್ಲೇ ಹೀಗೇ ಮಲಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಇಂಜಿನಿಯರ್ ಬೈಕಿನಿಂದಿಳಿದು, ಹೆಲ್ಮೆಟ್ಟನ್ನೂ ತೆಗೆಯದೆ ಅವಳನ್ನು ಹೊಸ್ತಿಲ ಬಳಿ ನಿಲ್ಲಿಸಿದರು. ಎರಡು ಸಲ, ಮೂರು ಸಲ ಫೋನು ಒತ್ತಿದರು.

“ಅಮ್ಮ, ಫೋನು ಒಪ್ತಿಲ್ಲ. ಹೋದ ಸಲ ಖಾಲಿ ಜಾಗದಲ್ಲಿ ಫೋಟೊ ತೆಗೆದ್ನಲ್ಲ, ಆ ಜಾಗ ಇದಲ್ಲ ಅಂತಿದೆ. ಮನೆ ಸರಿಸಿದ್ರಾ?”

ರತ್ನಮ್ಮ ನನ್ನನ್ನು ನೋಡಿದಳು. ಅಯ್ಯೋ, ನನ್ನ ನಾಲಗೆ ಬಿದ್ದುಹೋಗ! ಬಾಗಿಲು ಪೂರ್ವಕ್ಕಿರಲಿ, ಅಡಿಗೆಮನೆ ಆಗ್ನೇಯಕ್ಕಿರಲಿ ಎಂದು ವಾಸ್ತು ಹೇಳಿದ್ದು ನಾನೇ. ಪೂರ್ವದ ಓಣಿ ಬಾಗಿಲಿಗೆ ತೀರ ಹತ್ತಿರವಾಗುತ್ತದೆಂದು ಅವಳು ಮನೆಯನ್ನೇ ಹತ್ತು ಹೆಜ್ಜೆ ಹಿಂದಕ್ಕೆ ಸರಿಸಿದ್ದಳು.

“ತಪ್ಪು ನಂದು ಇಂಜಿನಿಯರ್ರೇ. ನಾನೇ ಹೇಳಿದ್ದು.”

“ನಂಗಲ್ಲ, ಫೋನಿಗೆ ಹೇಳಿ ಸಾರ್. ಜಾಗ ಬೇರೆ ಅಂದ್ರೆ ಅರ್ಜಿ ಮತ್ತೆ ಮೊದ್ಲಿಂದ.”

ನನಗೆ ರತ್ನಮ್ಮನ ಮುಖ ನೋಡುವ ಧೈರ್ಯವಿರಲಿಲ್ಲ. ಇಂಜಿನಿಯರ್ ಮಾತ್ರ, ಪುಣ್ಯಾತ್ಮ, ಬೈಕಿನ ಕಡೆ ಹೋಗದೆ ಒಳಗೆ ಬಂದು, ಫೋನನ್ನು ಅಂಗೈ ಮೇಲಿಟ್ಟುಕೊಂಡು ಅಡ್ಡಾಡತೊಡಗಿದರು. ನಡುಮನೆ, ಇಲ್ಲ. ಕೋಣೆ, ಇಲ್ಲ. ನಾವಿಬ್ಬರೂ ಹಿಂದೆ ನಡೆದೆವು. ಮುಂಭಾಗದ ಬಲಮೂಲೆಗೆ ಹೋದಾಗ ಅವರು ನಿಂತರು.

“ಇಲ್ಲಿ ಒಪ್ತು! ಹಳೇ ಜಾಗಕ್ಕೆ ಈ ಮೂಲೆ ಸಿಗ್ತಿದೆ. ಬನ್ನಿ, ನಿಂತ್ಕೊಳ್ಳಿ. ಇದೇನು ರೂಮು?”

“ಅಡಿಗೆಮನೆ,” ಎಂದಳು ರತ್ನಮ್ಮ.

ನಿಂತ ಕೂಡಲೇ, ಯಾರೂ ಹೇಳದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ನಗಿ ಅಮ್ಮ” ಎಂದರೂ ನಗಲಿಲ್ಲ. ಫೋಟೊ ಹೋಯಿತು ಎಂದು ಇಂಜಿನಿಯರ್ ಹೆಬ್ಬೆಟ್ಟು ಎತ್ತಿದ ಮೇಲೂ ಅಲ್ಲೇ ನಿಂತು, ಗಾಳಿಯಲ್ಲಿ ಎಡಗೈಯಿಂದ ಸೌಟು ತಿರುವಿದಂತೆ ಮಾಡಿದಳು.

“ಒಲೆ ಇಲ್ಲೇ, ನಡುಮಧ್ಯ ಇಡ್ತೀನಿ ಸಾರ್. ನಂಗೆ ಎಡಗೈಯಲ್ವಾ. ನಿಮ್ಮನೇಲಿ ಒಲೆ ಎಡಗೋಡೆಗೆ ಅಂಟ್ಕಂಡದೆ. ಇಷ್ಟು ವರ್ಷ ಮೊಣಕೈ ತಗುಲ್ತಾನೇ ಇತ್ತು.”

ಅವಳು ಅಂದು ಊರಲ್ಲೇ ಉಳಿದಳು. ಓಣಿಯ ತಿರುವಿನಿಂದ ತಿರುಗಿ ನೋಡಿದಾಗ ಅಡಿಗೆಮನೆಯ ಕಿಟಕಿಯ ಕಂಡಿಯಲ್ಲಿ ಅವಳ ತಲೆ ಮಾತ್ರ ಕಾಣುತ್ತಿತ್ತು.

ಸಂಜೆ ಮನೆ ಸೇರಿದಾಗ ಟಿ.ವಿ.ಯಲ್ಲಿ ತೆರಿಗೆಯ ಚರ್ಚೆ ನಡೆದಿತ್ತು. ನಾನು ಸೀದಾ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ನಿಂತೆ. ಎಡಗೋಡೆಯಲ್ಲಿ, ಮೊಣಕೈ ಎತ್ತರದಲ್ಲಿ, ಅಂಗೈಯಗಲ ಬಣ್ಣ ಸವೆದಿತ್ತು. ತೇವದ ಕಲೆಯೆಂದು ಬೈದುಕೊಂಡು ನಾನು ಅದಕ್ಕೆ ಎರಡು ಸಲ ಸುಣ್ಣಬಣ್ಣ ಮಾಡಿಸಿದ್ದೆ.