ಶನಿವಾರಕ್ಕೆಂದು ಎತ್ತಿಟ್ಟ ಐದು ಜಿಬಿ

ಸಿಬುಯಾನ್ ದ್ವೀಪದ ಆ ಕಡಲಂಚಿನ ಊರಿನಲ್ಲಿ ಫೆಲಿಸಿತಾಸಳನ್ನು ಏಮಾರಿಸಿದವರಿಲ್ಲ. ಇಪ್ಪತ್ತು ವರ್ಷ ಆರೋಗ್ಯ ಕಾರ್ಯಕರ್ತೆಯಾಗಿ ಹಸುಗೂಸುಗಳನ್ನು ತೂಗಿದವಳು. ತೂಕ ಹೆಚ್ಚು ಕಾಣಲೆಂದು ತಾಯಂದಿರು ಮಗುವಿಗೆ ಎರಡು ಅಂಗಿ ತೊಡಿಸಿ ತಂದರೆ ಕಣ್ಣಲ್ಲೇ ಹಿಡಿಯುತ್ತಿದ್ದಳು. ಮನೆಯ ಇಂಟರ್‌ನೆಟ್ಟೂ ಅವಳದೇ ಕಾವಲಿನಲ್ಲಿತ್ತು. ತಿಂಗಳಿಗೆ ಅರವತ್ತು ಜಿಬಿ. ಅದು ಮುಗಿದರೆ ಹೊಸ ತಿಂಗಳು ಹುಟ್ಟುವವರೆಗೆ ಒಂದು ಫೋಟೊ ತೆರೆಯಲೂ ಹರಸಾಹಸ. ಗುಡ್ಡದ ಮರೆಯ ಆ ಊರಿಗೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವಳು ಎಷ್ಟು ಉಳಿದಿದೆ ಎಂದು ನೋಡುತ್ತಿದ್ದಳು.

ಭಾನುವಾರ ಅಪ್ಪ ತೀರಿಕೊಂಡ. ಶನಿವಾರ ಮಣ್ಣು. ಅಲ್ಲಿಯವರೆಗೆ ಶವಪೆಟ್ಟಿಗೆ ನಡುಮನೆಯಲ್ಲಿ; ಅಂಗಳದ ತುಂಬ ಜನ, ಕಾಫಿ, ಬಿಸ್ಕತ್ತು, ಇಸ್ಪೀಟು. ತಂಗಿ ಲಿಗಾಯಾಗೆ ದೋಹಾದ ಮನೆಗೆಲಸದಿಂದ ರಜೆ ಸಿಗಲಿಲ್ಲ. ಊರಿನ ರೂಢಿಯಂತೆ ಮೊಮ್ಮಕ್ಕಳನ್ನು ಶವಪೆಟ್ಟಿಗೆಯ ಮೇಲಿಂದ ಎತ್ತಿ ದಾಟಿಸಿ ಅಪ್ಪನನ್ನು ಹೊಸಿಲಾಚೆ ಒಯ್ಯುವುದನ್ನಾದರೂ ಅವಳು ಫೋನಿನಲ್ಲಿ ನೋಡಲೇಬೇಕೆಂದು ಫೆಲಿ ಹಟ ಹಿಡಿದಳು. ಅದಕ್ಕೆಂದೇ ಐದು ಜಿಬಿ ಮೀಸಲಿಟ್ಟಳು.

ಆದರೆ ಸಾವಿನ ಮನೆಗೆ ಬಂದವರಿಗೆ ಏನನ್ನೂ ಇಲ್ಲವೆನ್ನುವಂತಿಲ್ಲ, ವೈಫೈಯನ್ನೂ ಸೇರಿಸಿ. ಇಸ್ಪೀಟಿನವರು ಕೋಳಿ ಅಂಕದ ವಿಡಿಯೊ ಹಚ್ಚಿ ಕೂತರು.

"ನಿಮ್ಮಪ್ಪ ಕೋಳಿ ಮರೀನೂ ಎಣಿಸ್ತಿರ್ಲಿಲ್ಲ, ನೀನು ಗಾಳೀಲಿ ಬರೋದನ್ನೂ ಎಣಿಸ್ತೀಯಲ್ಲೇ," ಎಂದು ಪಕ್ಕದ ಮನೆಯ ಬೆನಿಂಗ್ ಅಜ್ಜಿ ಕೆಣಕಿದಳು.

"ಇಲ್ಲ ಅಂದ್ನಾ ಅಜ್ಜಿ? ಯಾರಿಗೆ ಬೇಕೋ ಬಳಸ್ಲಿ. ಬಳಸ್ದೋರು ಸಂಜೆ ನನ್ ಪಕ್ಕ ಮಂಡಿಯೂರಿ ಇಡೀ ಜಪಮಾಲೆ ಪ್ರಾರ್ಥನೆ ಹೇಳ್ಬೇಕು, ಅಷ್ಟೆ."

ಅರ್ಧ ಗಂಟೆಯಲ್ಲಿ ಫೋನುಗಳೆಲ್ಲ ಜೇಬು ಸೇರಿದವು. ಫೆಲಿ ಒಳಗೊಳಗೇ ಬೀಗಿದಳು.

ಆದರೂ ಮಂಗಳವಾರ ಮೂವತ್ತೊಂದು ಜಿಬಿ ಇದ್ದದ್ದು ಬುಧವಾರ ಬೆಳಿಗ್ಗೆ ಹದಿನಾಲ್ಕಕ್ಕೆ ಇಳಿದಿತ್ತು. ಕಳ್ಳ ಮನೆಯೊಳಗೇ ಇದ್ದಾನೆ ಎಂದುಕೊಂಡು ಅವಳು ಯಾವ ಫೋನು ಎಷ್ಟು ತಿಂದಿದೆ ಎಂದು ಒಂದೊಂದಾಗಿ ತೆಗೆದು ನೋಡಿದಳು. ತಿಂದದ್ದೆಲ್ಲ ಅವಳದೇ ಹಳೆಯ ಫೋನು. ಲಿಗಾಯಾ ಕೇಳಿದಳೆಂದು ವಿಡಿಯೊ ಕರೆ ಹಚ್ಚಿ ಅಪ್ಪನ ತಲೆಯ ಬಳಿ ಹೂಕುಂಡಕ್ಕೆ ಒರಗಿಸಿಟ್ಟದ್ದು. ತಂಗಿ ಆಗೊಮ್ಮೆ ಈಗೊಮ್ಮೆ ನೋಡಿ ಇಡುತ್ತಾಳೆ ಎಂದೇ ಅವಳು ತಿಳಿದಿದ್ದಳು.

ಫೋನು ಕೈಗೆತ್ತಿಕೊಂಡಳು. ಕರೆ ನಿನ್ನೆಯಿಂದ ಕಡಿದೇ ಇರಲಿಲ್ಲ. ಪರದೆಯಲ್ಲಿ ಲಿಗಾಯಾ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ತುಟಿ ಅಲುಗುತ್ತಿತ್ತು, ಸದ್ದಿಲ್ಲ. ಪ್ರಾರ್ಥನೆಗೆ ಅಡ್ಡಿಯೆಂದು ಯಾರೋ ದನಿ ಪೂರ್ತಿ ಇಳಿಸಿದ್ದರು. ಫೆಲಿ ಏರಿಸಿದಳು.

"...ಆ ದೋಣಿ ನೀನು ಮಾರ್ಬಾರ್ದಿತ್ತು ಅಪ್ಪಾ," ಎನ್ನುತ್ತಿದ್ದಳು ಲಿಗಾಯಾ.

"ಲಿಗಾಯಾ, ಇಡೇ ಫೋನು. ನಾಳೆಗೆಲ್ಲ ಖಾಲಿಯಾಗತ್ತೆ. ಶನಿವಾರ ಅಪ್ಪನ್ನ ಕಳ್ಸೋದು ನಿಂಗೆ ಕಾಣಲ್ಲ."

ತಂಗಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು.

"ಕಳ್ಸೋದನ್ನ ನೋಡೋಕೆ ನನ್ ಕೈಲಾಗಲ್ಲ ಅಕ್ಕಾ. ನೀನು ಆಸೆಪಟ್ಟೆ ಅಂತ ಹೂಂ ಅಂದೆ. ಆರು ವರ್ಷದಿಂದ ಭಾನುವಾರ ಹತ್ತು ನಿಮಿಷ ಮಾತಾಡ್ತಿದ್ದೆ. 'ಸಾಕಮ್ಮ, ಅಕ್ಕನ ನೆಟ್ ಖರ್ಚಾಗತ್ತೆ' ಅಂತ ಅಪ್ಪಾನೇ ಇಡ್ತಿದ್ದ. ಈಗ ಇಡು ಅನ್ನಲ್ವಲ್ಲ."

ಹತ್ತು ನಿಮಿಷದ ಆ ಕಟ್ಟಳೆ ಮಾಡಿದವಳು ಫೆಲಿಯೇ. ಅದನ್ನು ಅಪ್ಪ ಅಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಫೋನನ್ನು ಅಪ್ಪನ ಕಿವಿಗೆ ಇನ್ನಷ್ಟು ಹತ್ತಿರ ಇಟ್ಟಳು.

"ಮಾತಾಡೇ," ಎಂದಳು. "ಶನಿವಾರಕ್ಕಿಟ್ಟ ಆ ಐದೂ ನಿಂದೇ. ಮುಗಿಯೋವರ್ಗೂ ಮಾತಾಡು."