ಕೆಜೈಯಾಳ ಮಣ್ಣಿಗೆ ಕೈಗವಸು

ಜೇಬೆಜ್ ಟಾರ್ಬಾಕ್ಸ್ ಊರ ಚರ್ಚಿನಲ್ಲಿ ಗಂಟೆ ಹೊಡೆಯುವವನು, ಹೆಣಕ್ಕೆ ಗುಂಡಿ ತೋಡುವವನೂ ಅವನೇ. ಅಮೆರಿಕದ ಬಾಸ್ಟನ್‌ನಿಂದ ಒಂದು ದಿನದ ದಾರಿಯಲ್ಲಿದ್ದ ಆ ಊರಲ್ಲಿ ಯಾರಾದರೂ ಸತ್ತರೆ, ಬೇಕಾದವರ ಮನೆಗೆಲ್ಲ ಒಂದೊಂದು ಜೊತೆ ಚರ್ಮದ ಕೈಗವಸು ಹೋಗುತ್ತಿತ್ತು. ಮಣ್ಣಿಗೆ ಅದೇ ಕರೆ. ಕೈಗವಸು ಬಾರದವರು ಕಿಟಕಿಯಲ್ಲಿ ನಿಂತು ನೋಡಬೇಕಷ್ಟೆ. ಅವನ ಹೆಂಡತಿ ಕೆಜೈಯಾಳ ತಾಯಿ ಪರರ ಮನೆಯಲ್ಲಿ ದುಡಿದು ಸತ್ತವಳು. ಒಂದು ಜೊತೆಯೂ ಹಂಚದೆ, ನಾಲ್ಕೇ ಜನರ ನಡುವೆ ಮಣ್ಣಾದಳು. ಆ ಅವಮಾನ ಮಗಳ ಎದೆಯಿಂದ ಹೋಗಲಿಲ್ಲ. "ನನ್ನ ಮಣ್ಣಿಗೆ ಕೈಗವಸು ಹಂಚ್ತೀರ ತಾನೇ?" ಎಂದು ಮದುವೆಯಾದ ವಾರಕ್ಕೇ ಗಂಡನನ್ನು ಕೇಳಿದ್ದಳು. ಹೊಸ ಹೆಂಡತಿ ಕೇಳುವ ಮಾತೇ ಅದು? ಜೇಬೆಜ್ ನಗುತ್ತ ಹೂಂ ಅಂದಿದ್ದ.

ಮೂವತ್ತು ವರ್ಷ ಕಳೆಯಿತು. ಸಮುದ್ರದಾಚೆಯಿಂದ ಆಳುತ್ತಿದ್ದ ಲಂಡನ್ನಿನವರು ಕರಾರುಪತ್ರ, ಪತ್ರಿಕೆ, ಕೊನೆಗೆ ಇಸ್ಪೀಟೆಲೆಗೂ ಮುದ್ರೆ ಒತ್ತಿ ತೆರಿಗೆ ಹೇರಿದರು. ನಮ್ಮವನೊಬ್ಬನೂ ಇಲ್ಲದ ಸಭೆ ನಮ್ಮ ಗಂಟಿಗೆ ಕೈ ಹಾಕುವುದೇ ಎಂದು ಊರಿಗೆ ಊರೇ ಕುದಿಯಿತು. ಇಂಗ್ಲೆಂಡಿನ ಸರಕು ಬೇಡ, ಅಲ್ಲಿಂದ ಬರುವ ಕೈಗವಸನ್ನಂತೂ ಸಾವಿನ ಮನೆಯವರು ಯಾರೂ ಹಂಚಕೂಡದು ಎಂದು ಊರಸಭೆ ತೀರ್ಮಾನಿಸಿತು. ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಮ್ಮ ಜೇಬೆಜ್. ಮನೆಯಲ್ಲಿ ಹೆಂಡತಿ ತಿಂಗಳಿಂದ ಕೆಮ್ಮುತ್ತಿರುವುದು ಆ ಗದ್ದಲದಲ್ಲಿ ಅವನ ತಲೆಗೇ ಹೋಗಲಿಲ್ಲ.

"ನೀವೂ ಕೈ ಎತ್ತಿದ್ರಾ?" ಎಂದು ಕೆಜೈಯಾ ಕೇಳಿದಳು.

"ಎಲ್ರೂ ಎತ್ತಿದ್ರು ಕಣೇ."

ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಜೇಬೆಜ್‌ಗೆ ತಡೆಯಲಾಗಲಿಲ್ಲ. ಅಂಗಡಿಯ ಡೀಕನ್ ವ್ಯಾಡ್ಲಿ ಚರ್ಚಿನ ಹಿರಿಯ, ಊರಸಭೆ ನಡೆಸಿದವನೂ ಅವನೇ. ಅವನ ಮುಂದೆ ಹೋಗಿ ಟೋಪಿ ತೆಗೆದು ನಿಂತ.

"ನೀನೇ ಮೊದಲು ಕೈ ಎತ್ತಿದ್ದಲ್ಲೋ ಮಾರಾಯ," ಎಂದ ಡೀಕನ್. ಆಮೇಲೆ ದನಿ ತಗ್ಗಿಸಿ, "ಹಳೇ ದಾಸ್ತಾನಲ್ಲಿ ಎರಡು ಡಜನ್ ಇದೆ. ತಗೊಂಡು ಹೋಗು. ನಾನು ನೋಡಿಲ್ಲ," ಎಂದ.

ಕೆಜೈಯಾ ಒಂದು ಜೊತೆಯನ್ನು ಕೈಗೆ ಹಾಕಿಕೊಂಡಳು. ಮೂಸಿದಳು, ಕೆನ್ನೆಗೊತ್ತಿಕೊಂಡಳು. ಬಹಳ ಹೊತ್ತಿನ ಮೇಲೆ ಒಂದೊಂದೇ ಬೆರಳು ಬಿಡಿಸಿ ತೆಗೆದಳು.

"ವಾಪಸ್ ಕೊಟ್ಬಿಡಿ."

"ನಿನ್ನ ಆಸೆ ಕಣೇ ಇದು."

"ಎಲ್ರ ಎದುರು ಎತ್ತಿದ ಕೈ. ಈಗ ಇಳಿಸಿದ್ರೆ ಊರು ನಗುತ್ತೆ. ಅದನ್ನ ಕೇಳೋಕೆ ನಾನಿರಲ್ಲ, ನೀವಿರ್ತೀರ."

ಜೇಬೆಜ್ ಕೈಗವಸುಗಳನ್ನು ಅಂಗಡಿಗೆ ವಾಪಸ್ ಕೊಟ್ಟ. ಜನವರಿಯಲ್ಲಿ ಅವಳು ತೀರಿಕೊಂಡಳು. ಹೆಪ್ಪುಗಟ್ಟಿದ ನೆಲದ ಮೇಲೆ ಬೆಂಕಿ ಹಾಕಿ, ಮಣ್ಣು ಮೆತ್ತಗಾದ ಮೇಲೆ ಜೇಬೆಜ್ ತಾನೇ ಗುಂಡಿ ತೋಡಿದ. ತಾಯಿಗೆ ಬಂದಷ್ಟೇ ಜನ ಮಗಳಿಗೂ ಬರುತ್ತಾರೆಂಬ ಸಂಕಟ ಅವನನ್ನು ಹಿಂಡುತ್ತಿತ್ತು. ಗಂಟೆ ಹೊಡೆದು ಹೊರಗೆ ಬಂದರೆ ದಾರಿ ತುಂಬ ಜನ. ಕೈಗವಸೇ ಇಲ್ಲವೆಂದ ಮೇಲೆ ಕರೆದವರು ಯಾರು, ಕರೆಯದವರು ಯಾರು? ಆಳುಗಳು ಬಂದಿದ್ದರು, ಹಿಂದೆಂದೂ ಕರೆ ಕಾಣದ ಗುಡಿಸಲಿನ ಹೆಂಗಸರು ಬಂದಿದ್ದರು. ಆರು ಹುಡುಗರು ಆ ಕೊರೆವ ಗಾಳಿಯಲ್ಲಿ ಬರಿಗೈಲಿ ಪೆಟ್ಟಿಗೆ ಹೊತ್ತರು. ಇಳಿಸಿದ ಮೇಲೆ ಅವರ ಕೆಂಪಾದ ಕೈಗಳನ್ನು ಜೇಬೆಜ್ ಒಂದೊಂದಾಗಿ ಉಜ್ಜಿ ಬೆಚ್ಚಗೆ ಮಾಡಿದ. ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಆ ತೆರಿಗೆ ಹೋಯಿತು, ಬೇರೆ ತೆರಿಗೆ ಬಂತು. ಚಹಾ ಬಿಟ್ಟರು, ಬಟ್ಟೆ ಮನೆಯಲ್ಲೇ ನೇಯ್ದರು. ಬೇಡ ಎನ್ನುವುದು ಊರಿಗೆ ಅಭ್ಯಾಸವಾಯಿತು. ಇಂಗ್ಲೆಂಡಿನ ರಾಜ ಸಿಪಾಯಿಗಳನ್ನು ಕಳಿಸಿದ ಮೇಲೆ ಬೇಡ ಎಂದಷ್ಟೇ ಹೇಳಿ ಸಾಲದಾಯಿತು. ಪೆಟ್ಟಿಗೆ ಹೊತ್ತ ಆರು ಜನರೂ ಬಂದೂಕು ಹಿಡಿದು ಹೋದರು. ಇಬ್ಬರು ಹೆಣವಾಗಿ ಬಂದರು. ಅವರ ಗುಂಡಿಯನ್ನೂ ಜೇಬೆಜ್ಜನೇ ತೋಡಿದ.

ಮರುವರ್ಷ ಬೇಸಿಗೆಯಲ್ಲಿ, ಇನ್ನು ನಮಗೆ ರಾಜನಿಲ್ಲ, ನಾವೇ ಸ್ವತಂತ್ರರು ಎಂಬ ಕಾಗದವನ್ನು ಪಾದ್ರಿಗಳು ಚರ್ಚಿನಲ್ಲಿ ಓದಿದರು. ಊರು ಕುಣಿಯಿತು. ಮುದುಕ ಜೇಬೆಜ್ ತೋಳು ಸೋಲುವಷ್ಟು ಗಂಟೆ ಹೊಡೆದು, ಹೆಂಡತಿಯ ಸಮಾಧಿಕಲ್ಲಿನ ಹತ್ತಿರ ಹೋಗಿ ಕೂತ.

"ರಾಜ ಬೇಡ ಅಂದ್ಬಿಟ್ವಿ ಕಣೇ," ಎಂದ. "ಎಲ್ರೂ ಆ ಹುಡುಗರ ಹೆಸರು ಹೇಳ್ತಿದಾರೆ, ಹೇಳ್ಲೇಬೇಕು. ಆದ್ರೆ ಈ ಊರಲ್ಲಿ ಮೊದಲು ತನ್ನ ಆಸೆ ಬಿಟ್ಟುಕೊಟ್ಟವಳು ನೀನು. ನಾನು ಬರೀ ಕೈ ಎತ್ತಿದೆ."