ಹೊಟ್ಟಿನ ಮೂಟೆಯ ಕಬಡ್ಡಿ

ಕಬಡ್ಡಿ ಆಡುತ್ತಿದ್ದಷ್ಟು ದಿನ ಒಂಟಿತನ ಅಂದರೇನು ಅಂತ ನನಗೆ ಗೊತ್ತಿರಲಿಲ್ಲ. ಅಂಕಣದಲ್ಲಿ ಏಳು ಜನ ಮೈಮೇಲೆ ಬೀಳುತ್ತಿದ್ದರು. ಆಟ ಮುಗಿದರೆ ಹೆಗಲ ಮೇಲೆ ಕೈ ಹಾಕಿಕೊಂಡೇ ಬಸ್ಸು ಹತ್ತುತ್ತಿದ್ದೆವು. ನಾನು ಕೆ. ಹೊಸಕೋಟೆ ತಂಡದ ರೈಡರ್. ತೊಂಬತ್ತರ ದಶಕದ ನಡುವೆ, ಆಲೂರಿನ ಒಂದು ಪಂದ್ಯದಲ್ಲಿ ಮಂಡಿ ತಿರುಚಿತು. ಮೊದಮೊದಲು ತಂಡದವರೆಲ್ಲ ನೋಡಲು ಬಂದರು. ಆಮೇಲೆ ಇಬ್ಬರು ಬಂದರು. ಆಮೇಲೆ ಯಾರೂ ಇಲ್ಲ. ಅವರ ಮೇಲಿನ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಕೆಲವು ವರ್ಷಗಳ ಮೇಲೆ, ನನ್ನ ಆಟ ನೋಡಿದ್ದ ಎಸ್ಟೇಟ್ ಮಾಲೀಕರೊಬ್ಬರು ವನಗೂರಿನ ತಮ್ಮ ತೋಟದ ಸ್ಟೋರಿನಲ್ಲಿ ಕೆಲಸ ಕೊಟ್ಟರು. ಜೊತೆಗೆ ತೋಟದ ಹೆಂಗಸರ ಕಬಡ್ಡಿ ತಂಡಕ್ಕೆ ಕೋಚ್ ಆಗು ಅಂದರು. ಪ್ರತಿ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಸುತ್ತಲಿನ ಎಸ್ಟೇಟುಗಳ ನಡುವೆ ಪಂದ್ಯ ನಡೆಯುತ್ತಿತ್ತು. ಅವರಿಗೆ ಕಪ್ ಬೇಕಿತ್ತು. ನನಗೆ ಮತ್ತೆ ಒಂದು ತಂಡದವನು ಅನ್ನಿಸಿಕೊಳ್ಳಬೇಕಿತ್ತು, ಅಷ್ಟೇ.

ಮೊದಲ ದಿನವೇ ಪೇಚಿಗೆ ಸಿಕ್ಕಿಕೊಂಡೆ. ಹಿಡಿತವನ್ನು ಬಾಯಲ್ಲಿ ಕಲಿಸಲು ಬರುವುದಿಲ್ಲ, ಕಾಲು ಹಿಡಿದೇ ತೋರಿಸಬೇಕು. ಮದುವೆಯಾಗದ ಗಂಡಸು ಕಂಡವರ ಹೆಂಡತಿಯರ ಕಾಲು ಹಿಡಿಯುವುದುಂಟೆ? ಕೂಲಿಯವರ ಲೈನುಮನೆಗಳ ಗಂಡಸರು ಬೀಡಿ ಸೇದುತ್ತ ಅದನ್ನೇ ಕಾದು ಕೂತಿದ್ದರು. ಸ್ಟೋರಿನಿಂದ ಗೋಣಿಚೀಲ ತಂದು, ಕಾಫಿ ಹೊಟ್ಟು ತುಂಬಿ, ಎರಡು ಕಾಲು ಹೊಲಿದು ನಿಲ್ಲಿಸಿದೆ. ಹೆಂಗಸರು ಅದಕ್ಕೆ 'ರೈಟರು' ಅಂತ ಹೆಸರಿಟ್ಟರು. ದಿನಾ ಹಾಜರಿ ಹಿಡಿದು ಬೈಯುವ ರೈಟರನ್ನು ಕೆಡವಲು ಯಾರಿಗೆ ಬೇಡ? ಎರಡೇ ತಿಂಗಳಲ್ಲಿ ಎಷ್ಟು ಚೆನ್ನಾಗಿ ಕಲಿತರೆಂದರೆ, ಪ್ರತಿ ಸಲ ಮೂಟೆ ಕೆಡವಿ, ಕೈ ಬಿಟ್ಟು, ಸರಿಯಾಯಿತಾ ಅಂತ ನನ್ನ ಮುಖ ನೋಡುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ. ಅವರು ಹರಟುತ್ತ ಲೈನಿಗೆ ಹೋಗುತ್ತಿದ್ದರು. ನಾನು ಸ್ಟೋರಿನ ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಅನ್ನ ಇಟ್ಟು, ರೇಡಿಯೊ ಜೋರು ಮಾಡುತ್ತಿದ್ದೆ.

ಫೈನಲ್ ಹೊಂಗಡಹಳ್ಳದಲ್ಲಿ. ಎರಡೂ ಕಡೆ ಅಂಕ ಸಮ, ಕೊನೆಯ ರೈಡ್ ಎದುರಾಳಿಗಳದ್ದು. ಅವರ ರೈಡರ್ ಒಳಗೆ ಬಂದಳು. ನಮ್ಮ ಮೂಲೆಯವಳು ಪಾದ ಹಿಡಿದಳು, ಉಳಿದವರು ಮುಗಿಬಿದ್ದರು, ಅವಳು ನೆಲಕ್ಕೆ ಬಿದ್ದಳು. ಸೀಟಿ ಇನ್ನೂ ಊದಿರಲಿಲ್ಲ. ನಮ್ಮವರು ಕೈ ಬಿಟ್ಟು, ಎಲ್ಲರೂ ಒಟ್ಟಿಗೆ ನನ್ನ ಮುಖ ನೋಡಿದರು. ಅಷ್ಟರಲ್ಲಿ ಆಕೆ ಬಿದ್ದಲ್ಲಿಂದಲೇ ತೆವಳಿ ನಡುಗೆರೆ ಮುಟ್ಟಿಬಿಟ್ಟಳು. ಹಿಡಿದವರೆಲ್ಲ ಔಟ್, ಕಪ್ ಅವರ ಪಾಲಾಯಿತು. ಬಿದ್ದ ಮೇಲೂ ಮನುಷ್ಯರು ಒದ್ದಾಡುತ್ತಾರೆ ಅನ್ನುವುದನ್ನೇ ನಾನು ಕಲಿಸಿರಲಿಲ್ಲ.

ಮರುದಿನ ಸಂಜೆ ಯಾರೂ ಬರಲಾರರು ಅಂದುಕೊಂಡಿದ್ದೆ. ಎಲ್ಲರೂ ಬಂದರು. ತಂಡದ ನಾಯಕಿ, ಎರಡು ಮಕ್ಕಳ ತಾಯಿ, ಮೂಟೆಯನ್ನು ಕಾಲಲ್ಲಿ ಆಚೆ ತಳ್ಳಿದಳು.

"ಇದು ಒದ್ದಾಡಲ್ಲ ಮೇಷ್ಟ್ರೇ. ನೀವೇ ಬಂದ್ಬುಡಿ. ಮಂಡಿಗೆ ಏಟಾಗ್ದಂಗೆ ಹಿಡ್ಕೋತೀವಿ."

"ಲೈನಿನೋರು ಏನಂದಾರು ಕಣಮ್ಮ?"

"ನನ್ ಗಂಡನ್ನೇ ಕೇಳಿದೀನಿ. ಹಿಡ್ಕೊಳ್ರೇ, ಅದ್ರಾಗೇನೈತೆ ಅಂದ."

"ಇವತ್ತು ನೋವು ಜಾಸ್ತಿ ಐತೆ," ಅಂದೆ.

ಸುಳ್ಳು. ಅವತ್ತು ನೋವೇ ಇರಲಿಲ್ಲ. ಒಬ್ಬ ಮನುಷ್ಯನ ಕೈ ನನ್ನ ಮೈ ಸೋಕಿ ವರ್ಷಗಳಾಗಿದ್ದವು. ಏಳು ಜನ ಒಟ್ಟಿಗೆ ಹಿಡಿದುಕೊಂಡರೆ ಅಲ್ಲೇ ಅತ್ತುಬಿಡುತ್ತೇನೆ ಅಂತ ಹೆದರಿದೆ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ನಾಯಕಿ ತಾನೇ ರೈಡರ್ ಆದಳು. ಒಬ್ಬರನ್ನೊಬ್ಬರು ಹಿಡಿದು, ಕೊಸರಿ, ಬೈದು, ಬಿದ್ದು ನಗುತ್ತ ಅವರೇ ಕಲಿತರು. ನಾನು ಗೆರೆಯಾಚೆ ಕೂತು ಅದು ತಪ್ಪು, ಇದು ಸರಿ ಅನ್ನುತ್ತಿದ್ದೆ.

ಮುಂದಿನ ವರ್ಷ ಕಪ್ ಗೆದ್ದರು. ಸೀಟಿ ಊದಿದ್ದೇ ತಡ, ಏಳು ಜನರೂ ಅಂಕಣದ ನಡುವೆ ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು. ನನಗೆ ಹೇಳಲಾರದಷ್ಟು ಸಂತೋಷವಾಯಿತು. ಆ ರಾಶಿಯೊಳಗಿಂದ ನಾಯಕಿ ತಲೆ ಎತ್ತಿ, "ಬನ್ನಿ ಮೇಷ್ಟ್ರೇ, ಬರ್ರೀ!" ಅಂತ ಕೈ ಚಾಚಿ ಕರೆದಳು.

ನಾನು ನನ್ನ ಮಂಡಿ ತೋರಿಸಿದೆ.